ರಾಚವ್ವನ ನೀಲಿ ಮುಂಗೈ

ಮಧ್ಯಾಹ್ನ ಊಟವಾಗಿ ಚಾಳಿನ ಗದ್ದಲ ಅಡಗಿತೆಂದರೆ ರಾಚವ್ವನ ಗಂಡ ಬರುತ್ತಿದ್ದ. ಸ್ವಾತಂತ್ರ್ಯ ಬಂದ ವರ್ಷವೇ ತೀರಿಹೋದವನಿಗೆ ಮುಂಬಯಿಯ ಸಯನ್ನಿನ ದಾರಿ ಯಾರು ತೋರಿಸಿದರೋ ಶಿವನೇ ಬಲ್ಲ. ಬದುಕಿದ್ದಾಗ ಬೆಳಗಾವಿ ದಾಟಿದವನಲ್ಲ ಪುಣ್ಯಾತ್ಮ! ಅರೆನಿದ್ದೆಯಲ್ಲಿ ಲೋಕಲ್ ಗಾಡಿಯ ಸದ್ದು ಹೊಲದ ಗಾಳಿಯಾಗುತ್ತಿತ್ತು. ಜೋಳದ ಸಾಲಿನೊಳಗಿಂದ ಬಂದು ಅವಳ ಮುಂಗೈ ಹಿಡಿದು, "ಏಳು, ಹೋಗೂಣು" ಎನ್ನುತ್ತಿದ್ದ.

"ಬುತ್ತಿ ಕಟ್ಟತೇನಿ, ತಡೀರಿ" ಎಂದು ಅವಳು ನಗುವಷ್ಟರಲ್ಲಿ ಎಚ್ಚರ. ನೋಡಿದರೆ ಮುಂಗೈ ಮೇಲೆ ಬೆರಳೂರಿದಂಥ ನೀಲಿ ಕಲೆ.

ಬಿದ್ದಿಲ್ಲ, ಎಲ್ಲಿಯೂ ತಾಗಿಸಿಕೊಂಡಿಲ್ಲ. ಮತ್ತೆ ಯಾರ ಗುರುತು ಇದು? ಎಪ್ಪತ್ತರ ಮುದುಕಿ ಮದುವಣಗಿತ್ತಿಯ ಹಾಗೆ ನಾಚಿ ಸೆರಗೆಳೆದುಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅವರ ಕಡೆ ಹೆಂಗಸರು ಗಂಡನ ಹೆಸರೆತ್ತುವುದಿಲ್ಲ. ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳು ಎಂದು ಮದುವೆಮನೆಯಲ್ಲಿ ಮಂದಿ ಕಾಡಿದಾಗಲೂ ಇವಳು ಬಾಯಿ ಬಿಟ್ಟವಳಲ್ಲ.

ಕಲೆಗಳು ತೋಳಿಗೆ ಏರಿದವು. ಎದುರು ಖೋಲಿಯ ಚಂದ್ರವ್ವ ನಲ್ಲಿಯ ಹತ್ತಿರ ನೋಡಿಬಿಟ್ಟಳು. ಚಾಳಿಗೆ ಅಷ್ಟು ಸಾಲದೇ! ಸೊಸೆ ಕಾಶವ್ವ ಅತ್ತೆಗೆ ಹೊಡೆಯುತ್ತಾಳೆ ಎಂಬ ಮಾತು ಸಂಜೆಯೊಳಗೆ ಎಲ್ಲ ಖೋಲಿಗಳನ್ನೂ ಸುತ್ತಿಬಂತು. ಅಯ್ಯೋ, ಇರುವೆ ಕಂಡರೂ ಸರಿದು ನಡೆಯುವ ಹುಡುಗಿ ಅದು!

ಮಗ ಗದಿಗೆಪ್ಪ ಅರಿವೆ ಅಂಗಡಿಯ ಕೆಲಸ ಮುಗಿಸಿ ಬಂದವನು ತಾಯಿಯ ಮುಂದೆ ಕೂತ. "ಅವ್ವಾ, ಖರೇ ಹೇಳು. ಯಾರ್ ಹೊಡದಾರ?"

"ಯಾರೂ ಇಲ್ಲಪಾ" ಎಂದು ರಾಚವ್ವ ಸಣ್ಣಗೆ ನಕ್ಕಳು. ಆ ನಗುವೇ ಮುಳುವಾಯಿತು. ಅವ್ವ ಸೊಸೆಯ ತಪ್ಪು ಮುಚ್ಚುತ್ತಿದ್ದಾಳೆ ಎಂದುಕೊಂಡ ಮಗ ಹೆಂಡತಿಯ ಕಡೆ ತಿರುಗಿ, "ಟ್ರಂಕ್ ಕಟ್ಟು. ನಾಳಿನ ಗಾಡಿಗೆ ಗದಗಿಗೆ, ನಿನ್ನ ತವರಿಗೆ ನಡಿ" ಎಂದ.

ಕಾಶವ್ವ ಸೀರೆ ಮಡಿಚತೊಡಗಿದಳು. ಮರುದಿನ ಟ್ರಂಕ್ ಹೊಸ್ತಿಲಿಗೆ ಬಂತು. ಖೋಲಿಗಳ ಮುಂದಿನ ಗ್ಯಾಲರಿಯ ತುಂಬ ಮಂದಿ. ಅತ್ತೆಗೆ ಹೊಡೆದವಳು ಎಂಬ ಹೆಸರು ಹೊತ್ತು ಹೋದವಳನ್ನು ತವರಿನಲ್ಲಿಯಾದರೂ ಯಾರು ಒಳಗೆ ಕರೆದಾರು? ರಾಚವ್ವ ಗೋಡೆ ಹಿಡಿದು ಎದ್ದು ಬಂದಳು.

"ಕಾಶಿ ಅಲ್ಲೋ! ನಿಮ್ಮಪ್ಪ ಹಿಡದದ್ದು. ಶಂಕ್ರೆಪ್ಪ! ಮಧ್ಯಾಹ್ನ ಬರತಾರ, ಕೈ ಹಿಡೀತಾರ."

ಗ್ಯಾಲರಿಯಲ್ಲಿ ಯಾರೋ ಕಿಸಕ್ಕೆಂದರು. ಗದಿಗೆಪ್ಪ ಮಾತ್ರ ಹೆದರಿದ. ಜನ್ಮದಲ್ಲಿ ಆ ಹೆಸರೆತ್ತದ ಅವ್ವ! ಏನೋ ಆಗಬಾರದ್ದು ಆಗಿದೆ ಎಂದು ಟ್ರಂಕನ್ನು ಅಲ್ಲಿಯೇ ಬಿಟ್ಟು, ವಿಕ್ಟೋರಿಯಾ ಕುದುರೆಗಾಡಿ ಹಿಡಿದು ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಅಲ್ಲಿನ ಡಾಕ್ಟರು ಧಾರವಾಡದ ಕಡೆಯವರು. ರಾಚವ್ವನ ರಕ್ತವನ್ನು ಗಾಜಿನ ನಳಿಕೆಯಲ್ಲಿ ತೆಗೆದಿಟ್ಟರು. ಬಹಳ ಹೊತ್ತಾದ ಮೇಲೆ ಬಾಗಿಸಿ ನೋಡಿದರು. ಇನ್ನೂ ನೀರಿನ ಹಾಗೆ ಹರಿಯುತ್ತಿತ್ತು.

"ಯಾರೂ ಹೊಡದಿಲ್ಲ" ಎಂದರು. "ಇಳಿವಯಸ್ಸಿನಾಗ ಅಪರೂಪಕ್ಕ ಹಿಂಗಾಗತದ. ಹೆಪ್ಪು ಹಾಕಿದರೂ ಹಾಲು ಮೊಸರಾಗದಂಗ, ರಕ್ತ ಗಟ್ಟಿಯಾಗೂದಿಲ್ಲ. ತಾನಾಗೇ ಒಳಗೊಳಗ ಸೋರತದ. ರಕ್ತ ಕೊಟ್ಟು ನೋಡೂಣು, ಆದರ ಭರವಸಾ ಕೊಡಲಾರೆ. ಮೈ ಮಾತ್ರ ಒತ್ತಬ್ಯಾಡ್ರಿ."

ಗದಿಗೆಪ್ಪ ಹೆಂಡತಿಯ ಮುಖ ನೋಡಲಾರದೆ ಹೊರಗೆ ಹೋಗಿ ನಿಂತ. ಮಂಚದ ಮೇಲೆ ಮಲಗಿದ ರಾಚವ್ವನಿಗೆ ಸಾವಿನ ಭಯವಿರಲಿಲ್ಲ. ಬೇರೆಯೇ ಚಿಂತೆ ಕಾಡಿತ್ತು.

"ಕಾಶೀ, ಹಂಗಾರ ಅವರು ಬಂದಿರಲಿಲ್ಲೇನ?"

ಕಾಶವ್ವ ಕಣ್ಣೊರೆಸಿಕೊಂಡಳು. "ಬಂದಿದ್ರು ಅತ್ತೀ. ಬರದಿದ್ರ ಇಷ್ಟೊತ್ತಿಗೆ ನಾ ಗದಗಿನ ಗಾಡಿಯಾಗ ಇರತಿದ್ದೆ."

ರಾಚವ್ವ ಮೆಲ್ಲಗೆ ಕೈ ಚಾಚಿದಳು. ಮುಟ್ಟಲು ಸೊಸೆ ಹಿಂಜರಿದಳು.

"ಹಿಡಿ ಹುಚ್ಚೀ. ನೀಲಿ ಆದ್ರ ಆಗಲಿ."

ಕಾಶವ್ವ ಹಿಡಿದಳು.