ಹೊಕ್ಕುಳ ಬಳ್ಳಿಗೊಂದು ಗುಂಡಿ

"ನಗೇ ಮುದುಕಿ, ನಗು! ಹಲ್ಲು ಕಾಣಲಿ. ಹೆಣ ನೋಡೋಕೆ ಬಂದವಳ ಥರ ನಿಂತಿದ್ದೀಯಲ್ಲ! ನಿನ್ನ ಮುತ್ತಜ್ಜಿಯರು ಹಾಡ್ಕೊಂಡು ಕುಣ್ಕೊಂಡೇ ಕಬ್ಬು ಕಡೀತಿದ್ರು, ನಿನಗೇನು ಬಂತು ರೋಗ?"

ಇಷ್ಟು ಬೈಯುವಾಗಲೂ ಲಿಂಡೋನ ಮುಖದಲ್ಲಿ ನಗು ಮಾಸಿರಲಿಲ್ಲ. ನಮ್ಮ ಆಡುಮಾತು ಅರಿಯದ ಪರದೇಶದ ಅತಿಥಿಗಳು ನೋಡುತ್ತಿದ್ದರಲ್ಲ, ಅದಕ್ಕೆ. ಅವನು ಹೋಟೆಲಿನ ಮ್ಯಾನೇಜರು. ನಮ್ಮ ಹಾಗೆ ಇದೇ ಜಮೈಕಾದಲ್ಲಿ ಹುಟ್ಟಿದವನೇ, ಆದರೆ ಚರ್ಮ ನಮಗಿಂತ ಬಹಳ ತಿಳಿ. ಆ ತಿಳಿಬಣ್ಣವೇ ಅವನ ಮನೆತನದ ಆಸ್ತಿ.

ನಾನು ವಿನೆಟ್. ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವುದು ನನ್ನ ಕೆಲಸ. ಗುರುವಾರ ಮಧ್ಯಾಹ್ನ ಮಾತ್ರ ಒಗೆಯುವ ಮನೆಯಿಂದ ಎಳೆದು ತಂದು, ಕೆಂಪು ಚೌಕುಳಿ ಲಂಗ ಉಡಿಸಿ, ತಲೆಗೆ ಅದೇ ಬಟ್ಟೆ ಸುತ್ತಿ, ಮೇಲೊಂದು ಹಣ್ಣಿನ ಬುಟ್ಟಿ ಹೊರಿಸಿ ಹುಲ್ಲುಹಾಸಿನ ಮೇಲೆ ನಿಲ್ಲಿಸುತ್ತಾರೆ. 'ಹಳೆಗಾಲದ ಊಟ' ಎಂದು ಅದಕ್ಕೆ ಹೆಸರು. ದೀವಿಹಲಸು ಸುಡಬೇಕು, ಮಚ್ಚಿನಿಂದ ಎಳನೀರು ಕೆತ್ತಿ ಕೊಡಬೇಕು, ಫೋಟೋಕ್ಕೆ ನಗಬೇಕು. ಹಳೆಗಾಲವಂತೆ, ಹಳೆಗಾಲ! ಆ ಕಾಲದಲ್ಲಿ ನಮ್ಮವರ ಬೆನ್ನ ಮೇಲಿದ್ದದ್ದು ಚೌಕುಳಿ ಬಟ್ಟೆಯಲ್ಲ, ಬಾರುಕೋಲಿನ ಬರೆ.

ಆ ಹುಲ್ಲುಹಾಸು ಏನೆಂದುಕೊಂಡಿರಿ? ಅದೇ ನಮ್ಮ ಕ್ರಾಬ್‌ಹೋಲ್ ಹಟ್ಟಿ. ನಾನು ಬುಟ್ಟಿ ಹೊತ್ತು ನಿಲ್ಲುವಲ್ಲಿ ನಮ್ಮ ಒಲೆಯಿತ್ತು. ಅತಿಥಿಗಳು ಮಲಗಲೆಂದು ಬಲೆಯ ತೂಗುಮಂಚ ಕಟ್ಟಿದ್ದಾರಲ್ಲ, ಆ ಎರಡು ತೆಂಗಿನ ಮರಗಳಲ್ಲಿ ಒಂದು ನನ್ನದು, ಇನ್ನೊಂದು ನನ್ನ ಮಗಳು ಕೆರೀಶಾಳದು. ನನ್ನದೆಂದರೆ, ನಾನು ಹುಟ್ಟಿದಾಗ ನನ್ನ ಹೊಕ್ಕುಳ ಬಳ್ಳಿ ಹೂತು ಅದರ ಮೇಲೆ ನೆಟ್ಟ ಮರ. ಯಾವ ಊರು ಎಂದು ಕೇಳಿದರೆ ನಮ್ಮವರು ಬಳ್ಳಿ ಹೂತ ಜಾಗವನ್ನೇ ಹೇಳುವುದು. ಹೋಟೆಲಿನವರು ಪೊಲೀಸರನ್ನೂ ಬುಲ್ಡೋಜರನ್ನೂ ಕರೆದುಕೊಂಡು ಬಂದಾಗ ಮನೆಗಳು ಹೋದವು, ಸಮುದ್ರಕ್ಕೆ ಇಳಿಯುವ ದಾರಿ ಹೋಯಿತು, ದೋಣಿ ಎಳೆದಿಡುವ ಮರಳೂ ಹೋಯಿತು. ತೆಂಗುಗಳನ್ನು ಮಾತ್ರ ಉಳಿಸಿಕೊಂಡರು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವಂತೆ.

ಆ ಗುರುವಾರ ಊಟ ಮುಗಿದ ಮೇಲೆ ಲಿಂಡೋ ತೋಟದ ಆಳುಗಳಿಗೆ ಮರಗಳನ್ನು ತೋರಿಸಿ ಹೇಳುವುದು ನನ್ನ ಕಿವಿಗೆ ಬಿತ್ತು. "ನಿನ್ನೆ ಅತಿಥಿಯ ಕುರ್ಚಿ ಪಕ್ಕ ಕಾಯಿ ಬಿದ್ದಿದೆ. ತಲೆಗೆ ಬಿದ್ದಿದ್ರೆ? ಬರೋ ಗುರುವಾರ ಬೆಳಿಗ್ಗೆ ಎಲ್ಲಾ ಕತ್ತರಿಸಿ. ಕಾಯಿ ಬಿಡದ ಜಾತಿ ತರಿಸ್ತಿದ್ದೀವಿ."

ನಾನು ಬುಟ್ಟಿ ಇಳಿಸಿ ಮುಂದೆ ಬಂದೆ. "ಸಾರ್, ಆ ಮರಗೋಳು..."

"ಏನು ಆ ಮರ? ನಿಮ್ಮಪ್ಪ ನೆಟ್ಟಿದ್ದಾ?"

"ಹೂಂ ಸಾರ್. ನಮ್ಮಪ್ಪನೇ ನೆಟ್ಟಿದ್ದು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಳುಗಳೂ ನಕ್ಕರು, ಪಾಪ, ನಗದೆ ಏನು ಮಾಡುತ್ತಾರೆ.

ಮನೆಗೆ ಬಂದೆ. ಮನೆ ಎಂದರೆ ಹೆದ್ದಾರಿಯ ಆಚೆ, ಹಳ್ಳದ ದಡದಲ್ಲಿ ಬಾಡಿಗೆಗೆ ಹಿಡಿದ ತಗಡಿನ ಗೂಡು. ಕೆರೀಶಾ ಹಸುಗೂಸಿಗೆ ಮೊಲೆ ಕೊಡುತ್ತ ಕುಳಿತಿದ್ದಳು. ಮೇಲೆ ಹಲಗೆಯ ಮೇಲೆ ಗಟ್ಟಿಹಾಲಿನ ಖಾಲಿ ಡಬ್ಬಿಯೊಂದಿತ್ತು. ಅದರೊಳಗೆ, ಉಪ್ಪಿನಲ್ಲಿ, ನನ್ನ ಮೊಮ್ಮಗಳು ಅಮೋಯಾಳ ಒಣಗಿದ ಬಳ್ಳಿ. ಅದನ್ನು ಹೂಳಲು ಈ ದ್ವೀಪದಲ್ಲಿ ನಮಗೆ ಗೇಣು ನೆಲವಿರಲಿಲ್ಲ.

ನನ್ನ ಅವ್ವ ಜೆಲ್ಫಾಗೆ ಕಣ್ಣು ಹೋಗಿದೆ, ನಾಲಿಗೆ ಹೋಗಿಲ್ಲ. ಬಾಗಿಲಲ್ಲಿ ನನ್ನ ಹೆಜ್ಜೆ ಕೇಳಿದ್ದೇ ಶುರು ಮಾಡಿದಳು. "ಬಂದಾ ಒಗೆಯೋ ರಾಣಿ? ಜಾಗ ಸಿಕ್ತಾ? ನಾಳೆ ಯಾರಾನಾ ಈ ಮಗೀನ ನಿಂದು ಯಾವೂರವ್ವ ಅಂತ ಕೇಳಿದ್ರೆ ಏನಂತಾಳೆ? ಹಾಲಿನ ಡಬ್ಬಿ ಅಂತಾಳಾ?"

"ಹಳ್ಳದ ಪಕ್ಕ ಹೂಳನ ಅಂದ್ರೆ ನೀನೇ ಬ್ಯಾಡ ಅಂದೆ."

"ಅಂದೆ! ಮೊದಲ್ ಮಳೇಗೆ ಹಳ್ಳ ಅದ್ನ ಕೊಚ್ಕಂಡ್ ಓಯ್ತದೆ. ಮಗೀನೂ ಹಂಗೇ ಕೊಚ್ಕಂಡ್ ಓಗ್ಲಿ ಅಂತೀಯಾ? ನಮ್ಮೋರ್ನ ಹಡಗ್ನಾಗೆ ತುಂಬ್ಕಂಡ್ ಬಂದಾಗ ಅವ್ರ ಬಳ್ಳಿಯೆಲ್ಲ ಆಫ್ರಿಕಾದಾಗೆ ಉಳೀತು. ಇಲ್ಲಿ ಹೂತ್ಕಂಡ್ ಮೇಲೇ ನಾವು ಮನುಷ್ಯರಾಗಿದ್ದು ಕಣೆ!"

ಮರುದಿನ ನಾನು ಕೆಲಸಕ್ಕೆ ಹೋಗುವ ಮೊದಲೇ ಕೆರೀಶಾ ಮನೆಯ ಹಿಂದೆ ಕೂತು ಸೌಟಿನಿಂದ ನೆಲ ಕೆದಕುತ್ತಿದ್ದಳು. ಬಾಣಂತಿ, ಸೊಂಟ ನೆಟ್ಟಗಾಗಿರಲಿಲ್ಲ. ಗೂಡಿನ ಯಜಮಾನ ಟಲಕ್ ಬೇಲಿಯಾಚೆಯಿಂದ ನೋಡಿ ಓಡಿಬಂದ.

"ಏಯ್! ಏನೇ ಅದು?"

"ಒಂದು ತೆಂಗಿನ ಸಸಿ ಯಜಮಾನ್ರೇ, ಮಗೀಂದು..."

"ಗೊತ್ತು ಕಣೇ ನಿಮ್ಮ ಸಸಿ ಕಥೆ! ಸೊಪ್ಪು ಬೇಕಾದ್ರೆ ಹಾಕ್ಕೊ, ಕಿತ್ಕೊಂಡು ತಿನ್ನು. ಕಾಯಿ ಬಿಡೋ ಮರ ಮಾತ್ರ ನೆಡಂಗಿಲ್ಲ. ಇವತ್ತು ಮರ ನಮ್ದು ಅಂತೀರಾ, ನಾಳೆ ಮರದ ಬುಡ ನಮ್ದು, ಆಮೇಲೆ ಕೋರ್ಟು. ನಮ್ಮಪ್ಪನ ಕಾಲದಿಂದ ನೋಡಿದ್ದೀನಿ ನಿಮ್ಮಂಥ ಭಿಕಾರಿ ಮುಂಡೇವ್ನ!"

ಬೂಟುಗಾಲಿನಿಂದ ಮಣ್ಣು ದಬ್ಬಿ ಆ ಗುಂಡಿ ಮುಚ್ಚಿದ. ಕೆರೀಶಾಳ ಕೈ ಇನ್ನೂ ಒಳಗಿತ್ತು.

ಭಾನುವಾರ ಡಬ್ಬಿ ಹಿಡಿದು, ಅಂಗಳದಲ್ಲಿ ಗೇಣು ಜಾಗ ಕೇಳಲು ಚರ್ಚಿನ ಪಾಸ್ಟರ ಹತ್ತಿರ ಹೋದೆ. ನನ್ನ ಮಾತು ಮುಗಿಯುವ ಮೊದಲೇ ಅವರು ಮೂಗಿಗೆ ಕರವಸ್ತ್ರ ಹಿಡಿದರು, ಡಬ್ಬಿ ತೆರೆದೇ ಇರಲಿಲ್ಲ. "ಮಗುವಿನ ತಂದೆ ಯಾರು? ಮದುವೆ ಆಗಿದೆಯೋ?"

"ಇಲ್ಲ ಪಾಸ್ಟರೇ. ಹಡಗಿನ ಕೆಲ್ಸಕ್ಕೆ ಅಂತ ಹೋದೋನು ಬರ್ಲಿಲ್ಲ."

"ಪಾಪದ ಕೂಸಿನ ಕರುಳನ್ನ ದೇವರ ಅಂಗಳದಲ್ಲಿ ಹೂಳ್ತೀಯ? ಇದೆಲ್ಲ ಕಾಡುಜನರ ಆಚಾರ. ಮಂಡಿಯೂರಿ ಕ್ಷಮೆ ಕೇಳು, ಹೋಗು."

ಆ ಅಂಗಳದಲ್ಲಿ ಒಂದು ಅಮೃತಶಿಲೆಯ ಗೋರಿಯಿದೆ. ನಮ್ಮವರನ್ನು ದನಗಳಂತೆ ಕೊಂಡು, ಬರೆ ಹಾಕಿ ದುಡಿಸಿದ ಕಬ್ಬಿನ ತೋಟದ ದೊರೆಯದು. ಅವನ ಮೂಳೆಗೆ ಜಾಗವಿದೆ. ಹೊಗೆ ಹಾಕ ಇವರ ದೊಡ್ಡಸ್ತಿಕೆಗೆ! ಹಾಗೆಂದು ಬೈದುಕೊಳ್ಳುತ್ತಲೇ ಬಂದೆ, ಆದರೆ ಕಣ್ಣೀರು ನಿಲ್ಲಲಿಲ್ಲ. ಆ ವಾರ ಬೆಳಕು ಹರಿದರೆ ಸಾಕು ಗುರುವಾರಕ್ಕೆ ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ. ಮರ ನಿಂತಿರುವವರೆಗೆ ಅದು ನಮ್ಮ ಜಾಗವೆಂದು ಬೆರಳು ತೋರಿಸಬಹುದಿತ್ತು. ಬಿದ್ದ ಮೇಲೆ ಏನನ್ನು ತೋರಿಸಲಿ?

ಗುರುವಾರ ನಾನು ಮನೆಯಿಂದಲೇ ವೇಷ ಹಾಕಿಕೊಂಡು ಹೊರಟೆ. ಬುಟ್ಟಿಯಲ್ಲಿ ಬಾಳೆಹಣ್ಣು, ಮಾವು. ಅವುಗಳ ಕೆಳಗೆ ಮೊಳಕೆಯೊಡೆದ ತೆಂಗಿನಕಾಯಿ, ಹಾಲಿನ ಡಬ್ಬಿ. ಗೇಟಿನಲ್ಲಿ ಕಾವಲುಗಾರ ಎವರ್ಟನ್ ತಡೆದ. ಅವನೂ ಕ್ರಾಬ್‌ಹೋಲಿನವನೇ, ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಗಂಜಿ ಕುಡಿದವನು. ಈಗ ಬಿಳಿ ಅಂಗಿ, ಸೊಂಟದಲ್ಲಿ ದೊಣ್ಣೆ.

"ಇಳ್ಸು ವಿನ್ನಕ್ಕ. ನೋಡ್ಬೇಕು."

"ಹಣ್ಣು ಕಣ್ಲಾ. ಬಾಳೆಹಣ್ಣು ಕಂಡಿಲ್ವಾ ನೀನು?"

ಕೈಹಾಕಿ ಡಬ್ಬಿ ತೆಗೆದ. ಮುಚ್ಚಳ ತೆರೆದು ನೋಡಿದವನೇ ಬೆಪ್ಪಾದ. "ಕೆರೀಶಾ ಮಗೀಂದಾ?"

"ಇನ್ಯಾರ್ದು, ನಿಂದಾ? ನಿನ್ ಬಳ್ಳಿ ಎಲ್ಲೈತೆ ಅಂತನಾ ಗೊತ್ತೇನ್ಲಾ ನಿಂಗೆ?"

"ಯಾವನಿಗ್ ಗೊತ್ತು. ನಾಯಿ ತಿಂದಿರ್ಬೇಕು," ಎಂದು ಎವರ್ಟನ್ ಅತ್ತ ತಿರುಗಿದ. ಡಬ್ಬಿಯನ್ನು ಬುಟ್ಟಿಗೆ ಹಾಕಿದ. "ಓಗು, ಓಗು. ನಾ ಏನೂ ನೋಡ್ಲಿಲ್ಲ."

ನಾನು ಹುಲ್ಲುಹಾಸಿಗೆ ಬರುವಷ್ಟರಲ್ಲಿ ಎರಡೂ ಮರಗಳು ಬಿದ್ದಿದ್ದವು. ತುಂಡು ಮಾಡಿ ಲಾರಿಗೆ ತುಂಬುತ್ತಿದ್ದರು. ನನ್ನ ಮರದ ಬುಡ ನೆಲದ ಮಟ್ಟಕ್ಕೆ ಉಳಿದಿತ್ತು, ಕೊಯ್ದ ಮುಖ ಇನ್ನೂ ಒದ್ದೆಯಾಗಿತ್ತು. ಅತ್ತರೆ ಕೆಟ್ಟೆನೆಂದು ತುಟಿ ಕಚ್ಚಿಕೊಂಡೆ.

ಮಧ್ಯಾಹ್ನ ಅತಿಥಿಗಳು ಬಂದು ನೆರೆದರು. ಲಿಂಡೋ ಮೈಕಿನಲ್ಲಿ ಹಾಡಿದಂತೆ ಹೇಳುತ್ತಿದ್ದ. "ಈ ಜನಕ್ಕೆ ದುಃಖ ಅಂದ್ರೇನು ಅಂತಲೇ ಗೊತ್ತಿಲ್ಲ. ಬಿಸಿಲು, ಸಮುದ್ರ, ಹಾಡು, ಇಷ್ಟಿದ್ರೆ ಸಾಕು ಇವರಿಗೆ!"

ಎಳನೀರು ಕೆತ್ತಲೆಂದು ಕೊಟ್ಟ ಮಚ್ಚು ನನ್ನ ಕೈಯಲ್ಲಿತ್ತು. ನಾನು ಬುಟ್ಟಿ ಇಳಿಸಿ, ಮರದ ಬುಡದ ಪಕ್ಕ ಕುಕ್ಕರಿಸಿ, ಆ ಹಸಿರು ಹುಲ್ಲಿಗೆ ಮಚ್ಚು ಹಾಕಿದೆ. ಚಾಪೆಯಂತೆ ಎದ್ದು ಬಂತು. ಅದರ ಕೆಳಗೆ ನಮ್ಮ ಕರಿಮಣ್ಣು, ಸಿಪ್ಪಿ ಚೂರು, ನಮ್ಮ ಒಲೆಯ ಇದ್ದಿಲು ಹಾಗೇ ಇತ್ತು. ಎರಡೂ ಕೈಯಿಂದ ಬಾಚಿ ಬಾಚಿ ತೆಗೆದೆ.

ಲಿಂಡೋ ಮೈಕನ್ನು ಬೆನ್ನ ಹಿಂದೆ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದ. ಮುಖದಲ್ಲಿ ಅದೇ ನಗು. "ಏಳೇ ನಾಯಿ. ಎದ್ದೇಳು. ಇವತ್ತೇ ನಿನ್ನ ಕೊನೆ ದಿನ."

ನಾನು ಏಳಲಿಲ್ಲ. ಡಬ್ಬಿ ತೆರೆದು ಮಗುವಿನ ಬಳ್ಳಿಯನ್ನು ಗುಂಡಿಯಲ್ಲಿಟ್ಟೆ.

ಅತಿಥಿಗಳು ಕ್ಯಾಮೆರಾ ಹಿಡಿದು ಮುಂದೆ ಬಂದರು. ಇದೇನೆಂದು ಒಬ್ಬಳು ಕೇಳಿದಳು. ಲಿಂಡೋ ಎಂಥ ಚಾಲಾಕಿ ನೋಡಿ, ತಟ್ಟನೆ ಮೈಕು ಬಾಯಿಗೆ ತಂದ. "ಇದು ನಮ್ಮ ಹಳೇ ಅದೃಷ್ಟದ ಪೂಜೆ! ಬನ್ನಿ ಬನ್ನಿ, ಒಂದೊಂದು ನಾಣ್ಯ ಹಾಕಿ. ಹಾಕಿದವರು ಮತ್ತೆ ಈ ಕಡಲಿಗೆ ಬಂದೇ ಬರ್ತಾರೆ!"

ಠಣ್ಣೆಂದು ಒಂದು ಬಿತ್ತು, ಆಮೇಲೆ ಹಿಡಿಹಿಡಿಯಾಗಿ. ನನ್ನ ಮೊಮ್ಮಗಳ ಬಳ್ಳಿಯ ಮೇಲೆ!

ನನಗೆ ತಲೆ ಕೆಟ್ಟುಹೋಯಿತು. ಮಣ್ಣು ಸಮೇತ ನಾಣ್ಯ ಬಾಚಿ ಅವನ ಬಿಳಿ ಕೋಟಿನ ಮೇಲೆ ಎಸೆದೆ. "ತಗಳಲೇ ಬೋಳಿಮಗನೆ! ನಿನ್ ಪೂಜೆ ನೀನೇ ತಗ! ಇದು ನನ್ ಕೂಸಿನ ನೆಲ ಕಣೋ! ನಮ್ಮಪ್ಪ ನೆಟ್ಟಿದ್ದು ಅಂದ್ರೆ ನಕ್ಕೆಯಲ್ಲ, ನಗು ಈಗ! ಹಲ್ಲು ಕಾಣ್ಲಿ!"

ಅತಿಥಿಗಳು ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ ನನ್ನ ಬೈಗುಳವೂ ಆಟದ ಒಂದು ಭಾಗ. ನಾನು ಮೊಳಕೆಯ ಕಾಯಿ ಇಟ್ಟು, ಮಣ್ಣೆಳೆದು ಮುಚ್ಚಿ, ಅದಕ್ಕೆ ಒತ್ತಿಕೊಂಡು ಕೂತೆ. ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡೆ.

ಊಟ ಮುಗಿದು ಎಲ್ಲರೂ ಈಜುಕೊಳದ ಬಾರಿಗೆ ಹೋದ ಮೇಲೆ ಲಿಂಡೋನ ನಗು ಹೋಯಿತು. ಎವರ್ಟನ್‌ನನ್ನು ಕರೆದು ಕೈಗೆ ಸಲಿಕೆ ಕೊಟ್ಟ. "ಅಗಿಯೋ ಅದನ್ನ. ಕಿತ್ತು ಸಮುದ್ರಕ್ಕೆ ಎಸಿ. ಇವಳನ್ನೂ ಎಳ್ಕೊಂಡು ಹೋಗಿ ಗೇಟಿನಾಚೆ ಹಾಕು." ಹೇಳಿದವನು ಸ್ವಲ್ಪ ದೂರ ಹೋಗಿ ಪೊಲೀಸರಿಗೆ ಫೋನು ಹಚ್ಚಿದ.

ಎವರ್ಟನ್ ನನ್ನೆದುರು ಬಂದು ನಿಂತ. "ಏಳು ವಿನ್ನಕ್ಕ. ನನ್ ಅನ್ನಕ್ಕೆ ಕಲ್ಲು ಹಾಕ್ಬ್ಯಾಡ."

"ಮೊದ್ಲು ನನ್ನ ಅಗಿ. ಆಮೇಲೆ ಮಗೀಂದು ಅಗೀವಂತೆ."

ಸಲಿಕೆ ಎತ್ತಿದ. ನಾನು ಕಣ್ಣು ಮುಚ್ಚಲಿಲ್ಲ. ಅವನು ಸಲಿಕೆ ಇಳಿಸಿ, ದನಿ ತಗ್ಗಿಸಿ ಕೇಳಿದ. "ನಂದೆಲ್ಲಿ?"

"ಏನ್ಲಾ ನಿಂದು?"

"ನಮ್ಮವ್ವ ಸಾಯೋವಾಗ ಕ್ರಾಬ್‌ಹೋಲ್ನಾಗೈತೆ ಅಂದ್ಲು. ಎಲ್ಲಿ ಅಂತ ಹೇಳಾಕೆ ಉಸ್ರು ಬರ್ಲಿಲ್ಲ. ನಿಂಗ್ ಗೊತ್ತಲ್ಲ. ಹೇಳು."

ನಾನು ಮಚ್ಚಿನ ತುದಿಯಿಂದ ಬಾರಿನ ಕಡೆ ತೋರಿಸಿದೆ. "ಅಗೋ, ದೊಡ್ಡ ಬಿಳೀ ಛತ್ರಿ ಹುಗ್ದವ್ರಲ್ಲ, ಅದ್ರ ಬುಡ್ದಾಗೆ. ನಿಂದು ದೀವಿಹಲಸಿನ ಮರ. ನಿಮ್ಮವ್ವ ದಿನಾ ನೀರು ಹೊಯ್ಯೋಳು. ಬುಲ್ಡೋಜರ್ ಮೊದ್ಲು ಬೀಳ್ಸಿದ್ದೇ ಅದ್ನ ಕಣಪ್ಪ."

ಎವರ್ಟನ್ ಸಲಿಕೆಯನ್ನು ಹೆಗಲಿಗೆ ಹಾಕಿಕೊಂಡು ನಡೆದ. ಲಿಂಡೋ ಕೂಗಿದ, ತಿರುಗಿ ನೋಡಲಿಲ್ಲ. ಛತ್ರಿಯನ್ನು ಬುಡಸಹಿತ ಕಿತ್ತು ಪಕ್ಕಕ್ಕೆ ಮಲಗಿಸಿ ನೆಲಕ್ಕೆ ಸಲಿಕೆ ಹೊಡೆದ.

ಅತಿಥಿಗಳು ಗ್ಲಾಸು ಹಿಡಿದುಕೊಂಡೇ ಸುತ್ತ ನೆರೆದರು. ಯಾರೋ ಒಬ್ಬ ಜೇಬಿನಲ್ಲಿ ನಾಣ್ಯ ಹುಡುಕುತ್ತಿದ್ದ. ಹೆದ್ದಾರಿಯ ಕಡೆಯಿಂದ ಪೊಲೀಸ್ ಜೀಪಿನ ಸದ್ದು ಕೇಳಿಸಿತು. ಚಪ್ಪಾಳೆ ಮತ್ತೆ ಶುರುವಾಯಿತು. ಎವರ್ಟನ್ ತಲೆ ಎತ್ತಲಿಲ್ಲ, ಅಗೆಯುತ್ತಲೇ ಇದ್ದ.