ಹುಸಿನಿದ್ದೆ

ಮಕ್ಕಳ ಜೊತೆ ಆಟ ಆಡಿಕೊಂಡಿರೋದೂ ಒಂದು ಕೆಲಸವಾ ಎಂದು ಮೂಗು ಮುರಿಯುವವರನ್ನು ಜನವರಿಯ ಒಂದು ಬೆಳಗ್ಗೆ ವಿನ್ನಿಪೆಗ್‌ನ ಆ ಶಿಶುಶಾಲೆಯ ಬಾಗಿಲಲ್ಲಿ ತಂದು ನಿಲ್ಲಿಸಬೇಕು. ಹಿಮದಲ್ಲಿ ಆಡಲು ಹೊರಟ ಒಂದು ಕೋಣೆ ಮಕ್ಕಳಿಗೆ ದಪ್ಪ ಅಂಗಿ, ಬೂಟು, ಟೋಪಿ, ಕೈಗವಸು ಎಲ್ಲ ತೊಡಿಸಿ, ಕೊನೆಯದರ ಜಿಪ್ ಎಳೆಯುವಷ್ಟರಲ್ಲಿ ಮೊದಲನೆಯದು ‘ಉಚ್ಚೆ’ ಅನ್ನುತ್ತದೆ. ಬಿಚ್ಚು, ಮತ್ತೆ ತೊಡಿಸು. ಗ್ಲೆಂಡಾ ತನ್ನ ಮೊಣಕಾಲು ಗಟ್ಟಿಯಿದ್ದ ಕಾಲದಿಂದ ಇದನ್ನು ಮಾಡುತ್ತ ಬಂದಿದ್ದಳು. ಈಗ ಮೊಣಕಾಲೂ ಗಟ್ಟಿಯಿಲ್ಲ, ಜೊತೆಗಿದ್ದವರೂ ಇಲ್ಲ. ಇಬ್ಬರು ಶಿಕ್ಷಕಿಯರು ಬಿಟ್ಟು ಹೋದ ಜಾಗಕ್ಕೆ ಯಾರೂ ಬಂದಿರಲಿಲ್ಲ. ಉಳಿದದ್ದು ಅವಳು ಮತ್ತು ಜೋಡಿ ಎಂಬ ಹೊಸ ಹುಡುಗಿ. ಮನೆಗೆ ಹೋದರೆ ಸೊಂಟ ಮುರಿದುಕೊಂಡ ಅಕ್ಕ ಇದ್ದಳು. ಅವಳು ರಾತ್ರಿಯೆಲ್ಲ ಕೂಗಿ ಕೂಗಿ ಏಳಿಸುತ್ತಿದ್ದಳು. ನಿದ್ದೆಯೆನ್ನುವುದು ಗ್ಲೆಂಡಾಳ ಪಾಲಿಗೆ ಊರು ಬಿಟ್ಟು ಹೋದ ನೆಂಟನಾಗಿತ್ತು.

ಇದರ ಮಧ್ಯೆ ರೂನಾಳ ಚಿಂತೆ. ನಾಲ್ಕು ವರ್ಷದ ಆ ಹುಡುಗಿ ಶರತ್ಕಾಲದಲ್ಲಿ ಸೇರಿದ್ದಳು. ಅಂದಿನಿಂದ ತುಟಿ ಪಿಟಕ್ಕೆಂದಿರಲಿಲ್ಲ. ಕಿವಿ ಚುರುಕು, ಕಣ್ಣು ಚುರುಕು, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಇಲ್ಲ. ತಾಯಿ ಥೋರಾ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯವಳು. ರಾತ್ರಿ ಮಗುವನ್ನು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು. ಮುಂಜಾನೆ ಮನೆಗೆ ಬಂದು, ಮಗುವನ್ನು ಇಲ್ಲಿ ಬಿಟ್ಟು ಮಲಗುತ್ತಿದ್ದಳು. ಮಧ್ಯಾಹ್ನ ಎದ್ದು ಬಂದು ಕರೆದುಕೊಂಡು ಹೋಗಿ ಮತ್ತೆ ಮಲಗುತ್ತಿದ್ದಳು.

“ಮನೇಲಿ ಮಾತಾಡ್ತಾಳೆ ಗ್ಲೆಂಡಾ, ದೇವ್ರಾಣೆ ಮಾತಾಡ್ತಾಳೆ” ಎಂದು ಅವಳು ಪ್ರತಿ ವಾರ ಹೇಳುತ್ತಿದ್ದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಎಲ್ಲರೂ ತಲೆಯಾಡಿಸುತ್ತಿದ್ದರು. ಗ್ಲೆಂಡಾ ಕೂಡ.

ಶುಕ್ರವಾರ ಮಾತಿನ ತಜ್ಞೆ ಕೋರಿನ್ ಬರುವವಳಿದ್ದಳು. ಅಷ್ಟರೊಳಗೆ ಇಲ್ಲಿ ಯಾರೊಬ್ಬರೂ ರೂನಾಳ ಒಂದು ಮಾತನ್ನೂ ಕೇಳಿರದಿದ್ದರೆ ಅವಳನ್ನು ಊರಿನ ಇನ್ನೊಂದು ತುದಿಯ ವಿಶೇಷ ಕೇಂದ್ರಕ್ಕೆ ಕಳಿಸುವುದೆಂದು ತೀರ್ಮಾನವಾಗಿತ್ತು. ಕೇಂದ್ರ ಕೆಟ್ಟದ್ದೇನಲ್ಲ. ಆದರೆ ಅಲ್ಲಿಗೆ ಬಸ್ಸು ಬದಲಿಸಿಕೊಂಡು ಹೋಗಬೇಕು, ಮಗು ಆಡುವಷ್ಟು ಹೊತ್ತೂ ತಾಯಿ ಅಲ್ಲೇ ಕೂರಬೇಕು.

“ಹಂಗಾದ್ರೆ ನಾನು ಮಲ್ಗೋದು ಯಾವಾಗ? ಕೆಲ್ಸ ಬಿಡಬೇಕಷ್ಟೇ” ಎಂದಿದ್ದಳು ಥೋರಾ, ಬಾಗಿಲಲ್ಲೇ ನಿಂತು. ಅಳುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ. ಗ್ಲೆಂಡಾಳಿಗೆ ಇನ್ನೂ ಒಂದು ಭಯವಿತ್ತು. ಮಾತಾಡದ ಮಗುವಿಗೆ ಬೇಕಾದದ್ದು ವಟವಟ ಅನ್ನುವ ಮಕ್ಕಳ ಸಂಗ. ಮಾತಾಡದ ಮಕ್ಕಳ ನಡುವೆಯೇ ಕೂರಿಸಿದರೆ ಇವಳು ಕಲ್ಲಾಗಿಬಿಡುತ್ತಾಳೆ.

ಶಿಶುಶಾಲೆಯ ಶಿಕ್ಷಕಿಯರ ಕಸುಬಿಗೆ ಒಂದು ನೇಮವಿದೆ. ಆಟದಲ್ಲಿ ಮಗು ಕೊಟ್ಟ ಪಾತ್ರವನ್ನು ಮಾಡಬೇಕು. ಖಾಲಿ ಲೋಟ ಕೊಟ್ಟರೆ ಕುಡಿಯಬೇಕು, ನಾಯಿ ಅಂದರೆ ಬೊಗಳಬೇಕು. ‘ಇದೇನು ಬಣ್ಣ, ಅದೆಷ್ಟು’ ಎಂದು ಪರೀಕ್ಷೆ ಮಾಡಬಾರದು. ಮಾತಿಗೆ ಜಾಗ ಬಿಟ್ಟು ಸುಮ್ಮನಿರಬೇಕು. ಮೊಸರು ಹೆಪ್ಪಾಗುವಾಗ ಪಾತ್ರೆ ಅಲ್ಲಾಡಿಸಬಾರದಲ್ಲ, ಹಾಗೆ. ಗ್ಲೆಂಡಾ ತಿಂಗಳುಗಟ್ಟಲೆ ಕಾದಿದ್ದಳು. ರೂನಾ ಅವಳಿಗೆ ಒಂದು ಖಾಲಿ ಲೋಟವನ್ನೂ ಕೊಟ್ಟಿರಲಿಲ್ಲ.

ಗುರುವಾರ ಮಕ್ಕಳನ್ನು ಜೋಡಿ ಹಿಮಕ್ಕೆ ಕರೆದುಕೊಂಡು ಹೋದಳು. ಕೆಮ್ಮು ನೆಗಡಿಯ ನಾಲ್ವರು ಒಳಗೆ ಉಳಿದರು. ರೂನಾ, ಆಸ್ಕರ್, ಬೀಯಾ, ಟೋಬಿ. ಗ್ಲೆಂಡಾ ಮನೆಯಾಟದ ಮೂಲೆಯ ಬಳಿ ನೆಲದ ಮೇಲೆ ಕುಳಿತಳು. ಆಗ ರೂನಾ ಎದ್ದು ಬಂದು ಅವಳ ಬೆರಳು ಹಿಡಿದಳು. ಎಳೆದುಕೊಂಡು ಹೋಗಿ ಅಲ್ಲಿದ್ದ ಪುಟ್ಟ ಹಾಸಿಗೆಯನ್ನು ತೋರಿಸಿದಳು.

ಮಲಗು ಅಂತ.

ಗ್ಲೆಂಡಾಳ ಮನಸ್ಸು ಹಿಗ್ಗಿತು. ಕೊನೆಗೂ ಒಂದು ಪಾತ್ರ ಸಿಕ್ಕಿತಲ್ಲ! ಅವಳು ಮಂಡಿ ಮಡಿಸಿ ಮುದುಡಿ ಮಲಗಿದಳು. ರೂನಾ ಗೊಂಬೆಯ ಹೊದಿಕೆಯನ್ನು ಅವಳ ಹೆಗಲಿಗೆ ಹೊದಿಸಿ, ಮೂಲೆಯ ಪರದೆ ಎಳೆದಳು. ಬೆಳಕು ಮಂದವಾಯಿತು. ನಿದ್ದೆ ಮಾಡುವ ಪಾತ್ರವೆಂದರೆ ಕಣ್ಣು ಮುಚ್ಚಬೇಕಲ್ಲ, ಗ್ಲೆಂಡಾ ಮುಚ್ಚಿದಳು.

ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಎಚ್ಚರವಾದದ್ದು ಒಂದು ಪಿಸುದನಿಗೆ. ಅವಳು ಹಿಂದೆಂದೂ ಕೇಳಿರದ ದನಿ.

“ಶ್! ಆಸ್ಕರ್, ಧಡಧಡ ಅನ್ಬೇಡ, ಕಾಲು ಎತ್ತಿ ಇಡು. ಅಮ್ಮ ರಾತ್ರಿಯೆಲ್ಲ ಅಜ್ಜೀರ್ನ ಎತ್ತಿ ಎತ್ತಿ ಬಂದಿದ್ದಾಳೆ. ಬೆನ್ನು ನೋಯುತ್ತೆ ಅವ್ಳಿಗೆ. ಟೋಬಿ, ಮೇಜಿಂದ ಇಳಿ, ಬೀಳ್ತೀಯ. ಬಿದ್ರೆ ಅಳ್ತೀಯ, ಅತ್ರೆ ಅಮ್ಮ ಏಳ್ತಾಳೆ. ಸೂಪು ನಾನು ಬಡಿಸ್ತೀನಿ, ಸೊರ್ ಅನ್ನದೆ ಕುಡೀರಿ.”

ಗ್ಲೆಂಡಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣ ಜೀವ ಬಾಯಿಗೆ ಬಂತು. ನಾನು ನಿದ್ದೆ ಹೋಗಿದ್ದೆ. ನಾಲ್ಕು ಮಕ್ಕಳನ್ನು ಕೈಲಿಟ್ಟುಕೊಂಡು ನಿಜವಾಗಿ ನಿದ್ದೆ ಹೋಗಿದ್ದೆ! ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ, ಕ್ಷಮೆಯೂ ಇಲ್ಲ. ಅವಳು ದಡಕ್ಕನೆ ಎದ್ದು ಕುಳಿತಳು. ರೂನಾ ಅವಳ ತೆರೆದ ಕಣ್ಣು ನೋಡಿ ಬಾಯಿ ಮುಚ್ಚಿದಳು. ಬೀಯಾ ಸದ್ದಾಗದಿರಲೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೆಮ್ಮುತ್ತಿದ್ದಳು. ಯಾರಿಗೂ ಏನೂ ಆಗಿರಲಿಲ್ಲ. ಹೊರಗಿನಿಂದ ಜೋಡಿಯ ಬೂಟಿನ ಸದ್ದು ಕೇಳಿಸಿತು.

ಶುಕ್ರವಾರ ಶಾಲೆಯ ಮುಖ್ಯಸ್ಥೆ ಮಾರ್ಗೋಳ ಕೋಣೆಯಲ್ಲಿ ಕೋರಿನ್ ಕುಳಿತಿದ್ದಳು. ಒಳ್ಳೆಯ ಹೆಂಗಸು, ಅವಸರವಿಲ್ಲದವಳು.

“ಮಾತಾಡಿದ್ಲು” ಎಂದಳು ಗ್ಲೆಂಡಾ. “ನಿನ್ನೆ. ಒಂದಲ್ಲ, ಉದ್ದುದ್ದ ಮಾತು.”

“ಹೌದಾ! ಎಲ್ಲಿ? ನೀವು ಏನು ಮಾಡ್ತಿದ್ರಿ ಆಗ?”

“ಮನೆಯಾಟ. ನನ್ನನ್ನ ಅಮ್ಮ ಮಾಡಿದ್ಲು. ನಾನು ಮಲಗಿದ್ದೆ... ಮಲಗಿದ ಹಾಗೆ ಮಾಡಿದ್ದೆ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ನಾಚಿಕೆಯಾಯಿತು.

“ಹಾಗಾದ್ರೆ ಈಗ್ಲೂ ಹಾಗೇ ಮಾಡಿ. ನಾನು ಪರದೆ ಆಚೆ ಕೂತಿರ್ತೀನಿ” ಎಂದಳು ಕೋರಿನ್.

ಗ್ಲೆಂಡಾ ಹೋಗಿ ಮಲಗಿದಳು. ಕಣ್ಣು ಮುಚ್ಚಿ, ನಂಬಿಕೆ ಬರಲೆಂದು ಸಣ್ಣಗೆ ಗೊರಕೆಯನ್ನೂ ಹೊಡೆದಳು. ರೂನಾ ಬಂದಳು. ಬಗ್ಗಿ ಅವಳ ಮೂಗಿನ ಹತ್ತಿರ ಕಿವಿಯಿಟ್ಟಳು. ರೆಪ್ಪೆಗಳನ್ನು ತುಂಬ ಹೊತ್ತು ನೋಡಿದಳು. ದಿನವೂ ಮಲಗಿದವರನ್ನು ಕಾಯುವವಳಿಗೆ ನಿದ್ದೆ ಯಾವುದು, ಸೋಗು ಯಾವುದು ಎಂದು ತಿಳಿಯದೆ? ಅವಳು ಹೊದಿಕೆ ತೆಗೆದು, ಮಡಿಸಿಟ್ಟು, ಮರದ ಇಟ್ಟಿಗೆಗಳತ್ತ ಹೊರಟುಹೋದಳು. ಒಂದು ಮಾತಿಲ್ಲ.

ಮತ್ತೆ ಕೋಣೆಯಲ್ಲಿ ಕೂತಾಗ ಕೋರಿನ್ ಮೆತ್ತಗೆ ಹೇಳಿದಳು. “ಬೇಜಾರ್ ಮಾಡ್ಕೋಬೇಡಿ. ಬೇರೆ ಮಗು ಮಾತಾಡಿರಬಹುದು. ಇಷ್ಟೊಂದು ಆಸೆ ಇಟ್ಕೊಂಡಾಗ ಕೇಳಿಸಿದ ಹಾಗೆ ಆಗುತ್ತೆ, ನನಗೂ ಆಗಿದೆ. ಸೋಮವಾರದಿಂದ ಕೇಂದ್ರಕ್ಕೆ ಕಳಿಸೋಣ.”

ಗ್ಲೆಂಡಾ ತನ್ನ ಕೈಗಳನ್ನು ನೋಡಿಕೊಂಡಳು. ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಸಂಜೆ ಮನೆಗೆ ಹೋಗಬಹುದು, ಸೋಮವಾರ ಬಂದು ಜಿಪ್ ಎಳೆಯಬಹುದು. ನಿವೃತ್ತಿಗೆ ಇನ್ನೇನು ತೀರ ದೂರವೂ ಇರಲಿಲ್ಲ. ಆದರೆ ಥೋರಾ ಬಾಗಿಲಲ್ಲಿ ನಿಂತ ಬಗೆ ಕಣ್ಣ ಮುಂದೆ ಬಂತು.

“ನಿನ್ನೆ ನಾನು ಸೋಗು ಹಾಕ್ಲಿಲ್ಲ” ಎಂದಳು.

ಮಾರ್ಗೋ ಥಟ್ಟನೆ ತಲೆಯೆತ್ತಿದಳು. ಅವಳಿಗೆ ಕೂಡಲೇ ಅರ್ಥವಾಗಿತ್ತು. “ಗ್ಲೆಂಡಾ, ಬಾಯ್ಮುಚ್ಚು. ನಾನೇನೂ ಕೇಳಿಸ್ಕೊಂಡಿಲ್ಲ.”

“ಕೇಳಿಸ್ಕೋ ಮಾರಾಯ್ತಿ, ಎರಡು ಸಲ ಹೇಳೋ ಶಕ್ತಿ ನಂಗಿಲ್ಲ. ನಿನ್ನೆ ನಿಜವಾಗ್ಲೂ ನಿದ್ದೆ ಹೋದೆ. ಮಕ್ಕಳನ್ನ ನೋಡ್ಕೊಂಡಿದ್ದು ಅವಳು. ನಾನು ಸತ್ತ ಹಾಗೆ ಬಿದ್ದಿದ್ದಕ್ಕೇ ಅವಳು ಬಾಯಿ ಬಿಟ್ಟಿದ್ದು. ಅಮ್ಮ ಏಳ್ತಾಳೆ, ಗಲಾಟೆ ಮಾಡ್ಬೇಡಿ ಅಂತ ಅವರನ್ನ ಸುಮ್ಮನಿರಿಸ್ತಿದ್ಲು.”

ಕೋರಿನ್ ನಿಧಾನವಾಗಿ ಕೇಳಿದಳು. “ತಾಯಿ ಹಗಲೆಲ್ಲ ಮಲಗ್ತಾರಾ?”

“ಬೇರೆ ಯಾವಾಗ ಮಲಗ್ತಾಳೆ ಪಾಪ!”

“ಓ...” ಕೋರಿನ್ ಹಣೆ ಉಜ್ಜಿಕೊಂಡಳು. “ಮಾತು ಬರದೆ ಅಲ್ಲ. ಹಗಲು ಅಂದ್ರೆ ದೊಡ್ಡೋರು ಮಲಗೋ ಹೊತ್ತು, ಆಗ ದನಿ ಎತ್ತಬಾರದು ಅಂತ ಕಲ್ತಿದ್ದಾಳೆ. ಹಗಲಲ್ಲಿ ಎದ್ದಿರೋ ದೊಡ್ಡೋರ ಮುಂದೆ ಏನು ಮಾಡ್ಬೇಕು ಅಂತ್ಲೇ ಗೊತ್ತಿಲ್ಲ. ಇದಕ್ಕೆ ನಮ್ಮ ಕೇಂದ್ರ ಬೇಡ. ಗದ್ದಲ ಇರೋ ಜಾಗ ಬೇಕು. ಇಲ್ಲೇ ಇರ್ಲಿ. ನಾನೇ ಬಂದು ಹೋಗ್ತೀನಿ.”

ಅವಳು ಎದ್ದುಹೋದ ಮೇಲೆ ಮಾರ್ಗೋ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. “ಇವತ್ತೇ ನಿನ್ನನ್ನ ಮನೆಗೆ ಕಳಿಸ್ಬೇಕು ನಾನು. ಮೇಲಿನೋರಿಗೆ ತಿಳಿಸ್ಬೇಕು. ಆಮೇಲಿಂದು ನನ್ ಕೈಲಿಲ್ಲ. ಒಂದು ಮಾತು ನುಂಗ್ಕೊಂಡಿದ್ರೆ ನಿಂಗೇನು ಹೋಗ್ತಿತ್ತೇ?”

“ಜನ ಕೊಡು ಅಂತ ಎಷ್ಟು ಸಲ ಕೇಳ್ದೆ, ನಿಂಗೆ ನೆನಪಿದೆಯಾ?” ಎಂದಳು ಗ್ಲೆಂಡಾ. ಅವಳಿಗೆ ಸಿಟ್ಟು ಬಂದಿತ್ತು. ಮಾರ್ಗೋಳ ಮೇಲೆ, ಬಿಟ್ಟುಹೋದ ಇಬ್ಬರ ಮೇಲೆ, ತನ್ನ ಕಣ್ಣುಗಳ ಮೇಲೆ. ಒಳ್ಳೆಯದು ಮಾಡಿದೆ ಎಂಬ ಹೆಮ್ಮೆ ಎಲ್ಲಾದರೂ ಇದೆಯೇ ಎಂದು ಹುಡುಕಿದರೆ ಅದು ಸಿಗಲಿಲ್ಲ. ಆಯಾಸವೇ ಸಿಕ್ಕಿತು.

ಕೋಟು ನೇತುಹಾಕುವ ಓಣಿಯಲ್ಲಿ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೂತು ಒಂದು ಬೂಟು ಹಾಕಿಕೊಂಡಳು. ಇನ್ನೊಂದಕ್ಕೆ ಬಗ್ಗಲಾಗದೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಒಳಗೆ ಜೋಡಿ ಒಬ್ಬಳೇ ಇಡೀ ಕೋಣೆಯ ಮೇಲೆ ಕೂಗಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹತ್ತಿರ ಯಾರೋ ನಿಂತಂತಾಯಿತು. ಕಣ್ಣು ಬಿಟ್ಟರೆ ರೂನಾ. ಅವಳು ಗ್ಲೆಂಡಾಳ ಕಣ್ಣನ್ನೇ ನೋಡುತ್ತಿದ್ದಳು. ಓಡಿಹೋಗಲಿಲ್ಲ.

“ನಿದ್ದೆ ಆಯ್ತಾ?” ಎಂದು ಕೇಳಿದಳು.

ಗ್ಲೆಂಡಾ ಉಸಿರು ಬಿಗಿಹಿಡಿದಳು. ಆಹಾ ಮಾತಾಡಿದೆಯಾ ಎಂದು ಕೂಗಿಕೊಳ್ಳಬಾರದು. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೇ.

“ಇಲ್ಲ ಕಂದಾ. ಸಾಲ್ಲಿಲ್ಲ.”

ರೂನಾ ತಲೆಯಾಡಿಸಿದಳು. ಅದು ಅವಳಿಗೆ ಗೊತ್ತಿದ್ದ ವಿಷಯವೇ.

“ಹಂಗಾದ್ರೆ ಮನೆಗ್ಹೋಗಿ ಮಲ್ಕೋ” ಎಂದಳು. ಒಳಗಿದ್ದ ಜೋಡಿ ಕೂಗಾಟ ನಿಲ್ಲಿಸಿ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಹೇಳಿದಳು. “ಇವ್ರನ್ನೆಲ್ಲ ನಾನು ನೋಡ್ಕೋತೀನಿ.”