ಸೊಣ್ಣಮ್ಮ ಕುಡಿದ ನೀರು

ಸೊಣ್ಣಮ್ಮ ಅಂಗೈಗೆ ಬಿಸಿ ಎಣ್ಣೆ ಸುರಿದುಕೊಂಡು ಕೇತಮ್ಮನ ಎಡಗಾಲಿನ ಮೀನಖಂಡದ ಮೇಲೆ ಕೈಯಿಡುವಷ್ಟರಲ್ಲಿ ಹುಡುಗಿ ಚೀರಿಕೊಂಡಳು.

"ಬ್ಯಾಡ ಕಣವ್ವಾ, ಮುಟ್ಟಬ್ಯಾಡ."

ಮಾಕಳಿಯಲ್ಲಿ ಉಳುಕು ತೆಗೆಯುವುದಕ್ಕೆ ಸೊಣ್ಣಮ್ಮನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಲಾರಿ ಡ್ರೈವರುಗಳ ಸೊಂಟದಿಂದ ಬಾಣಂತಿಯರ ಬೆನ್ನಿನವರೆಗೆ ಅವಳ ಕೈ ಕಾಣದ ಮೈ ಆ ಊರಲ್ಲಿ ಕಡಿಮೆ. ಹಿತ್ತಲಿನ ಶೀಟಿನ ಕೋಣೆಯಲ್ಲಿ ಬಾಡಿಗೆಗಿದ್ದ ಕೇತಮ್ಮನಿಗೆ ಆಗಾಗ ಕೈಕಾಲಿನ ಮೂಳೆಗಳನ್ನೇ ಹಿಂಡುವಂಥ ನೋವು ಬರುತ್ತಿತ್ತು. ಆಗೆಲ್ಲ ಶಾಖ ಕೊಟ್ಟು, ಎಣ್ಣೆ ನೀವಿ ಮಲಗಿಸುತ್ತಿದ್ದವಳು ಇವಳೇ. ಆದರೆ ಈ ಸಲದ ಕಾಲು ಬೇರೆ ಥರ ಇತ್ತು. ಬಲಗಾಲಿಗಿಂತ ಎದ್ದು ಕಾಣುವಷ್ಟು ದಪ್ಪಗಾಗಿ, ಚರ್ಮ ಬಿಗಿದುಕೊಂಡು, ಕಾದ ಹೆಂಚಿನಂತೆ ಬಿಸಿಯಾಗಿತ್ತು. ಸೊಣ್ಣಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಇದು ನನ್ನ ಕೈಲಾಗೋದಲ್ಲ ಮಗಾ" ಎಂದವಳೇ ಪಕ್ಕದ ಮನೆಯ ಕೊಟ್ರಪ್ಪನ ಆಟೋ ಕರೆಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಮಲತಾ ಮೊದಲು ಕೇಳಿದ್ದು ಊರು ಯಾವುದೆಂದು. ಬಿಳಿಗಿರಿರಂಗನ ಬೆಟ್ಟ, ಸೋಲಿಗರ ಹುಡುಗಿ ಎಂದು ತಿಳಿದ ಕೂಡಲೇ ಪರೀಕ್ಷೆಗೆಂದು ರಕ್ತ ತೆಗೆಸಿದರು. ಕಾಲಿನ ಊತಕ್ಕೆ ಇಂಜೆಕ್ಷನ್ ಶುರುವಾಯಿತು. ಪರೀಕ್ಷೆಯ ಫಲಿತಾಂಶ ಬಂದ ದಿನ ಮಂಚದ ಪಕ್ಕ ಕುಳಿತು ವಿವರಿಸಿದರು.

"ಇದು ಹುಟ್ಟಿನಿಂದ ಬಂದಿದ್ದಮ್ಮ. ಸಿಕಲ್ ಸೆಲ್ ಅಂತಾರೆ, ಇವಳ ಬೆಟ್ಟದ ಜನರಲ್ಲಿ ಜಾಸ್ತಿ. ರಕ್ತದ ಕಣ ದುಂಡಗಿರಬೇಕು. ಇವಳದು ಕುಡುಗೋಲಿನ ಥರ ಬಾಗ್ತವೆ. ಸಣ್ಣ ನಾಳದಲ್ಲಿ ಒಂದಕ್ಕೊಂದು ಸಿಕ್ಕಾಕ್ಕೊಂಡು ನಿಂತುಬಿಡ್ತವೆ. ನಾಳದ ಒಳಗೋಡೆ ಕೆರಳಿ ಊದಿಕೊಳ್ಳುತ್ತೆ, ರಕ್ತ ಬೇಗ ಹೆಪ್ಪುಗಟ್ಟುತ್ತೆ. ಈಗ ಕಾಲಿನ ದೊಡ್ಡ ನಾಳದಲ್ಲೇ ಹೆಪ್ಪುಗಟ್ಟಿದೆ."

"ಅಂಗಾದ್ರೆ ಅವತ್ತು ನಾನು ತಿಕ್ಕಿದ್ದಿದ್ರೆ?"

"ಆ ಹೆಪ್ಪು ಕಿತ್ಕೊಂಡು ಎದೆಗೆ ಹೋಗಿಬಿಡಬಹುದಿತ್ತು. ತಿಕ್ಕದೆ ಕರ್ಕೊಂಡು ಬಂದ್ರಲ್ಲ, ಒಳ್ಳೇದಾಯ್ತು."

ಸೊಣ್ಣಮ್ಮ ತನ್ನ ಎರಡೂ ಕೈಗಳನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕುಳಿತುಬಿಟ್ಟಳು. ನೋವಿನಲ್ಲೂ ಕೇತಮ್ಮನಿಗೆ ನಗು ಬಂತು.

"ಪೂರ್ತಿ ವಾಸಿ ಮಾಡೋ ಔಷಧ ನನ್ನ ಹತ್ರ ಇಲ್ಲ" ಎಂದರು ಡಾಕ್ಟರ್. "ಆದರೆ ನೋವು ಬರೋದನ್ನ ಕಡಿಮೆ ಮಾಡಬಹುದು. ಮೈ ಒಣಗಿದಷ್ಟೂ ಕಣ ಬಾಗೋದು ಜಾಸ್ತಿ. ನೀರು ಚೆನ್ನಾಗಿ ಕುಡೀತೀಯ ತಾನೆ?"

ಕೇತಮ್ಮ ತಲೆ ತಗ್ಗಿಸಿದಳು. ಡಾಕ್ಟರ್ ಮುಂದಿನ ಮಂಚಕ್ಕೆ ಹೋದ ಮೇಲೆ ಸೊಣ್ಣಮ್ಮನ ಕಿವಿಯಲ್ಲಿ ನಿಜ ಹೇಳಿದಳು. ತಾನು ಕೆಲಸ ಮಾಡುವ ಪೀಣ್ಯದ ಸ್ವಿಚ್ ಫ್ಯಾಕ್ಟರಿಯಲ್ಲಿ ಹೆಂಗಸರ ಕಕ್ಕಸಿಗೆ ಬೀಗ. ಬೀಗದ ಕೈ ಸ್ಟೋರಿನವನ ಹತ್ತಿರ. ಗಂಡಸರ ಮುಂದೆ ಹೋಗಿ ಅವನನ್ನು ಕೇಳಬೇಕು, ಅವನು ಗಡಿಯಾರ ನೋಡಿ ನಗಬೇಕು. ಅದಕ್ಕೇ ಅಲ್ಲಿನ ಹೆಂಗಸರು ಯಾರೂ ಬೆಳಗಿನಿಂದ ಸಂಜೆಯವರೆಗೆ ನೀರೇ ಮುಟ್ಟುವುದಿಲ್ಲ.

"ಇದ್ನ ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ?"

"ಎಂಗೆ ಹೇಳದವ್ವಾ."

ಮರುದಿನ ಮಟಮಟ ಮಧ್ಯಾಹ್ನ ಸೊಣ್ಣಮ್ಮ ಫ್ಯಾಕ್ಟರಿಗೆ ಹೋದಳು. ಮ್ಯಾನೇಜರ್ ಪಂಚಾಕ್ಷರಿ ದಾವಣಗೆರೆ ಕಡೆಯವರು, ಹಣೆಗೆ ವಿಭೂತಿ, ಮಾತು ಮೆದು. ಬಿಸಿಲಲ್ಲಿ ಬಂದ ಹಿರಿಯಳೆಂದು ಕುರ್ಚಿ ಹಾಕಿಸಿ ನೀರು ಕೊಡಿಸಿದರು. ಸೊಣ್ಣಮ್ಮ ಗಟಗಟ ಕುಡಿದು ಲೋಟ ಮುಂದೆ ಚಾಚಿದಳು. ಮತ್ತೆ ಕೊಡಿಸಿದರು. ಅದನ್ನೂ ಕುಡಿದು ಇನ್ನೊಂದು ಕೇಳಿದಳು.

"ಕೇತಮ್ಮನ ವಿಷಯ ಅಂದ್ರಲ್ಲ" ಪಂಚಾಕ್ಷರಿ ಶುರುಮಾಡಿದರು. "ನೋಡ್ರಿ ಅಮ್ಮ, ಹುಡುಗಿ ಕೆಲಸ ಚಲೋ ಮಾಡ್ತಾಳೆ. ಆದ್ರೆ ಹಿಂಗೆ ಪದೇಪದೇ ಮಲಗಿದ್ರೆ..."

"ಅದಿರ್ಲಿ ಸಾಮಿ. ನಾನೀಗ ಒಸಿ ಈಚಿಗೆ ಹೋಗ್ಬೇಕಲ್ಲ, ಕಕ್ಕಸು ಎಲ್ಲೈತೆ?"

ಪಂಚಾಕ್ಷರಿ ತಬ್ಬಿಬ್ಬಾಗಿ ಸ್ಟೋರಿಗೆ ಆಳು ಕಳಿಸಿದರು. ಸ್ಟೋರಿನವನು ಬ್ಯಾಂಕಿಗೆ ಹೋಗಿದ್ದನಂತೆ. ಬೀಗದ ಕೈ ಅವನ ಜೇಬಿನಲ್ಲಿತ್ತು.

"ಒಂದೈದು ನಿಮಿಷ ತಡ್ಕೊಳ್ಳಿ ಅಮ್ಮ, ಬಂದುಬಿಡ್ತಾನೆ."

"ತಡ್ಕಂತೀನಿ ಬುಡಿ. ನಿಮ್ ಹೆಣ್ಮಕ್ಳು ಬೆಳಗಿಂದ ಸಂಜೆಗಂಟ ತಡ್ಕಂತಾರೆ, ನಂಗೆ ಐದ್ ನಿಮಿಷ ಆಗಕಿಲ್ವಾ?" ಎಂದು ಸೊಣ್ಣಮ್ಮ ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕುಳಿತಳು. "ತಡಕಂಡೂ ತಡಕಂಡೂ ಕೇತಿ ರಕ್ತ ಗಟ್ಟಿಯಾಗಿ ಮಲಗವ್ಳೆ. ನೀರಿಲ್ದೆ ಇದ್ರೆ ಅವ್ಳ ರಕ್ತ ಕುಡುಗೋಲಾಯ್ತದಂತೆ. ಡಾಕ್ಟ್ರಮ್ಮನೇ ಹೇಳವ್ರೆ, ಬೇಕಾದ್ರೆ ಹೋಗಿ ಕೇಳಿ."

ಪಂಚಾಕ್ಷರಿ ಕಿಟಕಿಯ ಬಳಿ ಹೋದರು, ಬಾಗಿಲ ಬಳಿ ಬಂದರು. ಅರ್ಧ ಗಂಟೆ ಕಳೆದರೂ ಸ್ಟೋರಿನವನ ಸುಳಿವಿಲ್ಲ. ಸೊಣ್ಣಮ್ಮನ ಮುಖ ನಿಜವಾಗಿಯೂ ಕೆಂಪೇರತೊಡಗಿತ್ತು. ಇಷ್ಟೊಂದು ಕುಡಿಯಬಾರದಿತ್ತು ಎಂದು ಅವಳಿಗೂ ಅನ್ನಿಸಿತು. ಕೊನೆಗೆ ಪಂಚಾಕ್ಷರಿ ತಾವೇ ಗರಗಸದ ಬ್ಲೇಡು ಹಿಡಿದು ಹೊರಟರು. ಹೆಂಗಸರೆಲ್ಲ ಕೈಯಲ್ಲಿದ್ದ ಸ್ಪ್ರಿಂಗು ಸ್ಕ್ರೂಗಳನ್ನು ಬಿಟ್ಟು ನೋಡುತ್ತಿದ್ದಂತೆ ಮ್ಯಾನೇಜರು ಬೆವರು ಸುರಿಸುತ್ತ ಬೀಗ ಕೊಯ್ದರು. ಸೊಣ್ಣಮ್ಮ ಒಳಗೆ ಓಡಿದ ವೇಗಕ್ಕೆ ಇಡೀ ಶೆಡ್ಡು ನಕ್ಕಿತು. ಅವಳು ಹೊರಗೆ ಬಂದಾಗ ಬಾಗಿಲಲ್ಲಿ ಸಾಲು ನಿಂತಿತ್ತು.

"ಇನ್ನು ಬೀಗ ಬೇಡ" ಎಂದರು ಪಂಚಾಕ್ಷರಿ, ಯಾರ ಮುಖವನ್ನೂ ನೋಡದೆ. "ಕೇತಮ್ಮಗೆ ಆರಾಮಾದ ಮೇಲೆ ಬರೋಕೆ ಹೇಳ್ರಿ."

ಕೇತಮ್ಮ ಗುಣವಾಗಿ ಕೆಲಸಕ್ಕೆ ಮರಳುವ ಹೊತ್ತಿಗೆ ಬೇಸಿಗೆ ಮುಗಿದಿತ್ತು. ರಕ್ತ ತೆಳುವಾಗುವ ಮಾತ್ರೆ ನುಂಗಬೇಕು, ಆಗಾಗ ಆಸ್ಪತ್ರೆಗೆ ಹೋಗಿ ತೋರಿಸಬೇಕು. ನೋವು ಪೂರ್ತಿ ಬಿಡಲಿಲ್ಲ, ಆದರೆ ಬರುವುದು ಅಪರೂಪವಾಯಿತು.

ಆಯುಧಪೂಜೆಯ ದಿನ ಫ್ಯಾಕ್ಟರಿಗೆ ಮನೆಯವರನ್ನೂ ಕರೆತರಬಹುದೆಂದಾಗ ಕೇತಮ್ಮ ಸೊಣ್ಣಮ್ಮನನ್ನು ಕರೆದುಕೊಂಡು ಹೋದಳು. ಯಂತ್ರಗಳೆಲ್ಲ ಚೆಂಡುಹೂವು ಮುಡಿದಿದ್ದವು, ಗೇಟಿನಲ್ಲಿ ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿತ್ತು. ಕಡ್ಲೆಪುರಿ ಹಂಚಿ ಮುಗಿದ ಮೇಲೆ ಯಾರೋ ಕೇತಮ್ಮನನ್ನು ಹಾಡು ಎಂದರು. ಅವಳು ಬೆಟ್ಟದ ಹಾಡೊಂದನ್ನು ಎತ್ತಿಕೊಂಡಳು. ಮಾತು ಯಾರಿಗೂ ಅರ್ಥವಾಗದಿದ್ದರೂ ಹೆಂಗಸರು ಅವಳ ಜೊತೆ ಸುತ್ತುಗಟ್ಟಿ ಹೆಜ್ಜೆ ಹಾಕಿದರು.

ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಕೇತಮ್ಮನಿಗೆ ಏದುಸಿರು ಬಂತು. ಹಾಡುತ್ತಲೇ ಹೊರಬಂದು ಸೊಣ್ಣಮ್ಮನ ಪಕ್ಕ ಮೆಟ್ಟಿಲ ಮೇಲೆ ಕುಳಿತಳು. ಹೆಂಗಸರು ಕುಣಿಯುತ್ತಲೇ ಇದ್ದರು. ಅವಳು ಬಿಟ್ಟುಬಂದ ಜಾಗವನ್ನು ಯಾರೂ ಮುಚ್ಚಲಿಲ್ಲ. ಒಬ್ಬಳು ಹಿಡಿಯುವಷ್ಟು ಆ ತೆರವು, ಎಲ್ಲರ ಜೊತೆ ಅದೂ ಒಂದಾಗಿ, ಸುತ್ತು ತಿರುಗುತ್ತಿತ್ತು.